ಅಜ್ಜಿಯ ಒಲೆ

ಅನಂತಪುರ ಜಿಲ್ಲೆಯ ಬೆಳುಗುಪ್ಪ ನನ್ನ ತಾಯಿಯ ತವರೂರು. ಮಳೆ ಕಡಿಮೆಯಾದ ಸೀಮೆ. ಎತ್ತ ನೋಡಿದರೂ ಶೇಂಗಾ, ತೊಗರಿಯ ಹೊಲಗಳು; ಬೀಳು ನೆಲದಲ್ಲಿ ಬಳ್ಳಾರಿ ಜಾಲಿ. ಈ ಜಾಲಿಯ ಕೊರಡು, ತೊಗರಿ ಕಟ್ಟಿಗೆಗಳೇ ಅಜ್ಜಿಯ ಒಲೆಗೆ ಉರುವಲು. ಅದಕ್ಕೆ ದುಡ್ಡು ಬೇಡ, ಬೆನ್ನು ಬಾಗಿಸಿದರೆ ಸಾಕು.

ಮನೆಯಲ್ಲಿ ಗ್ಯಾಸ್ ಒಲೆಯೂ ಇದೆ. ಆದರೆ ಅದು ಚಹಾಕ್ಕೆ, ಒಗ್ಗರಣೆಗೆ ಮಾತ್ರ. ಮುದ್ದೆಗೂ ಸ್ನಾನದ ನೀರಿಗೂ ಸೌದೆಯೇ ಆಗಬೇಕು. "ಈ ಹೊಗೆ ಏಕಜ್ಜಿ?" ಎಂದು ಒಮ್ಮೆ ಕೇಳಿದೆ. "ಮುದ್ದೆ ತಿರುವುವಾಗ ಪಾತ್ರೆ ಅಲುಗಾಡಬಾರದು ಮಗಾ. ಆ ಒಲೆ ಮೇಲೆ ನಿಲ್ಲುತ್ತದೆಯೇ? ಹಂಡೆ ನೀರನ್ನೂ ಅದರಲ್ಲೇ ಕಾಯಿಸಿದರೆ ಸಿಲಿಂಡರು ಎಷ್ಟು ದಿನ ಬಂದೀತು?" ಎಂದರು. ಇದನ್ನು ಮೊಂಡುತನವೆನ್ನಲು ನನಗೆ ಮನಸ್ಸು ಬರಲಿಲ್ಲ.

ಹೊಗೆಯ ಚಿಂತೆ ಇಂದಿನದಲ್ಲ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 'ಅಸ್ತ್ರ' ಎಂಬ ಕೇಂದ್ರ ಆರಂಭವಾಯಿತು. ಹಳ್ಳಿಗಳಿಗೆ ವಿಜ್ಞಾನದ ನೆರವು ನೀಡುವುದು ಅದರ ಗುರಿ. ಅಲ್ಲಿ ರೂಪುಗೊಂಡ ಅಸ್ತ್ರ ಒಲೆಯ ಮೇಲೆ ಮೂರು ಪಾತ್ರೆಗಳನ್ನು ಇಡಬಹುದು; ಹೊಗೆ ಕೊಳವೆಯ ಮೂಲಕ ಹೊರಗೆ ಹೋಗುತ್ತದೆ; ಸೌದೆಯೂ ಉಳಿಯುತ್ತದೆ. ಆದರೆ ಸೌದೆಯನ್ನು ಸಣ್ಣಗೆ ಸೀಳಬೇಕು, ಕೊಳವೆಯ ಮಸಿ ತೆಗೆಯಬೇಕು. ಈ ಹೆಚ್ಚಿನ ಕೆಲಸವೆಲ್ಲ ಹೆಂಗಸರ ಪಾಲಿಗೇ ಬಂದರೆ ಒಲೆ ಎಷ್ಟು ದಿನ ಬಾಳೀತು?

2016ರಲ್ಲಿ ಉಜ್ವಲ ಯೋಜನೆ ಬಂದು ಬಡಮನೆಗಳ ಹೆಂಗಸರ ಹೆಸರಿಗೆ ಗ್ಯಾಸ್ ದೊರೆಯಿತು. 2024ರ ನವೆಂಬರಿನಲ್ಲಿ ಆಂಧ್ರ ಸರ್ಕಾರವು ವರ್ಷಕ್ಕೆ 3 ಸಿಲಿಂಡರುಗಳನ್ನು ಉಚಿತವಾಗಿ ಕೊಡುವ ಯೋಜನೆಯನ್ನು ಆರಂಭಿಸಿತು. ಇವು ಒಳ್ಳೆಯವೇ. ಆದರೆ ತುಂಬಿದ ಮನೆಗೆ ಮೂರು ಸಿಲಿಂಡರು ವರ್ಷವಿಡೀ ಸಾಲದು.

ಹಾಗೆಂದು ಹೊಗೆಯನ್ನು ಸಹಿಸಬೇಕೇ? ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ನಮ್ಮ ಮಾವನ ಕೂಸಿಗೆ ಕಳೆದ ಚಳಿಗಾಲದಲ್ಲಿ ಕೆಮ್ಮು ಬಿಡಲೇ ಇಲ್ಲ. ಮಗುವನ್ನು ಒಲೆಯ ಬಳಿ ಬಿಡಬೇಡಿರೆಂದು ವೈದ್ಯರು ಎಚ್ಚರಿಸಿದರು. ಅಂದಿನಿಂದ ನೀರೊಲೆ ಹಿತ್ತಲಿಗೆ ಹೋಯಿತು. ಮಾವ ಪಾತ್ರೆ ಅಲುಗದಂತೆ ಗ್ಯಾಸ್ ಒಲೆಗೆ ಕಬ್ಬಿಣದ ಕಟ್ಟು ಮಾಡಿಸಿದರು. ಅಜ್ಜಿ ಅದರ ಮೇಲೆ ಮುದ್ದೆ ತಿರುವಿ ನೋಡಿ, "ಇದಾದರೆ ಆದೀತು" ಎಂದರು.

ಗೆಳೆಯರೇ, ಒಲೆ ಬದಲಾಗಬೇಕಾದರೆ ಅದರ ಮುಂದೆ ಕೂರುವವರ ಕಷ್ಟವನ್ನು ಮೊದಲು ಕೇಳಬೇಕು. ಸೌದೆ ಸೀಳುವುದು, ಮಸಿ ತೆಗೆಯುವುದು ಹುಡುಗರಾದ ನಮಗೂ ಬರುವ ಕೆಲಸವೇ ಅಲ್ಲವೇ?