ನಗರ ನಮ್ಮನ್ನು ಕೆಡಿಸಿತೇ?

'ನಾಗರಿಕತೆ' ಎಂಬ ಮಾತಿನೊಳಗೇ 'ನಗರ' ಇದೆ. ಆದರೂ ಮುಂಬಯಿಯಲ್ಲಿ ನಾಲ್ಕು ಜನ ಕನ್ನಡಿಗರು ಸೇರಿದರೆ ಒಂದು ಮಾತು ಬಂದೇ ಬರುತ್ತದೆ: "ಊರಲ್ಲಿ ಮನುಷ್ಯತ್ವ ಇತ್ತು ಮಾರಾಯ್ರೆ, ಈ ನಗರ ನಮ್ಮನ್ನು ಕೆಡಿಸಿಬಿಟ್ಟಿತು."

ಈ ದೂರು ಹಳೆಯದು. 1749ರಲ್ಲಿ ಫ್ರಾನ್ಸಿನ ಡಿಜೋನ್ ಅಕಾಡೆಮಿ ಒಂದು ಪ್ರಬಂಧ ಸ್ಪರ್ಧೆ ಏರ್ಪಡಿಸಿತ್ತು. ವಿಜ್ಞಾನ, ಕಲೆಗಳ ಪುನರುತ್ಥಾನದಿಂದ ಜನರ ನಡತೆ ಶುದ್ಧವಾಯಿತೇ ಎಂಬುದು ವಿಷಯ. ಇಲ್ಲ, ಕೆಟ್ಟಿತು ಎಂದು ಬರೆದ ರೂಸೋಗೆ ಮರುವರ್ಷ ಬಹುಮಾನ ಬಂತು. ಅದಕ್ಕೆ ಸುಮಾರು ನೂರು ವರ್ಷ ಮೊದಲು, 1651ರಲ್ಲಿ, ಇಂಗ್ಲೆಂಡಿನ ಥಾಮಸ್ ಹಾಬ್ಸ್ ತದ್ವಿರುದ್ಧವಾಗಿ ಬರೆದಿದ್ದ: ಎಲ್ಲರನ್ನೂ ಹದ್ದಿನಲ್ಲಿಡುವ ಅಧಿಕಾರ ಇಲ್ಲದಿದ್ದರೆ ಮನುಷ್ಯರು ಒಬ್ಬರ ಮೇಲೊಬ್ಬರು ಬೀಳುತ್ತಾರೆ.

ನಮ್ಮ ದೇಶದಲ್ಲೂ ಈ ವಾದ ನಡೆಯಿತು. 1909ರಲ್ಲಿ ಇಂಗ್ಲೆಂಡಿನಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಹಡಗಿನಲ್ಲಿ ಕುಳಿತು ಗಾಂಧೀಜಿ ಗುಜರಾತಿಯಲ್ಲಿ 'ಹಿಂದ್ ಸ್ವರಾಜ್' ಬರೆದರು. ರೈಲು, ವಕೀಲರು, ವೈದ್ಯರು ದೇಶವನ್ನು ಬಡವಾಗಿಸಿದರು ಎಂಬುದು ಅವರ ಆರೋಪ. ಅಂಬೇಡ್ಕರ್ 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಹಳ್ಳಿಯನ್ನು ಅಜ್ಞಾನದ, ಸಂಕುಚಿತ ಬುದ್ಧಿಯ ತಾಣ ಎಂದರು. ಅವರು ಹಳ್ಳಿಯನ್ನು ಬಾವಿಯ ಹತ್ತಿರ ಬರಗೊಡದವರ ಕಡೆಯಿಂದ ನೋಡಿದ್ದರು.

ದಕ್ಷಿಣ ಕನ್ನಡದ ನನ್ನ ಅಜ್ಜ ಕೆಟ್ಟವರಲ್ಲ. ಹಸುವಿಗೆ ಹುಷಾರಿಲ್ಲದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಹೊತ್ತಲ್ಲದ ಹೊತ್ತಿನಲ್ಲಿ ಬಂದ ನೆಂಟರಿಗೂ ಗಂಜಿ ಇರುತ್ತಿತ್ತು. ಆದರೆ ಗದ್ದೆ ಕೆಲಸಕ್ಕೆ ಬರುವವರಿಗೆ ಅಂಗಳದ ಆಚೆ, ತೆಂಗಿನ ಗೆರಟೆಯಲ್ಲಿ ಚಹಾ. ಕುಡಿದ ಮೇಲೆ ಗೆರಟೆಯನ್ನು ಅವರೇ ತೊಳೆದು ಬೇಲಿಗೆ ಸಿಕ್ಕಿಸಿ ಹೋಗಬೇಕು. ಇದನ್ನು ಅಜ್ಜನಿಗೆ ಯಾವ ನಗರವೂ ಕಲಿಸಿರಲಿಲ್ಲ.

ಅಲ್ಲೇ ರೂಸೋನನ್ನು ನಾವು ತಪ್ಪಾಗಿ ಕರೆತರುತ್ತೇವೆ ಅನ್ನಿಸುತ್ತದೆ. ಅವನು ಹೇಳಿದ ಸಹಜ ಸ್ಥಿತಿ ನಮ್ಮ ಹಳ್ಳಿಯಲ್ಲ. ಒಬ್ಬ ನೆಲಕ್ಕೆ ಬೇಲಿ ಹಾಕಿ ಇದು ನನ್ನದು ಎಂದಾಗಲೇ ಕೇಡು ಶುರುವಾಯಿತು ಎಂದು 1755ರಲ್ಲಿ ಅವನೇ ಬರೆದಿದ್ದಾನೆ. ಹಾಗೆ ನೋಡಿದರೆ ಅಜ್ಜನ ಬೇಲಿಯೂ ನಾಗರಿಕತೆಯೇ, ಅದಕ್ಕೆ ಸಿಕ್ಕಿಸಿದ ಗೆರಟೆಯೂ ನಾಗರಿಕತೆಯೇ.

ಆ ಕೆಲಸದವರಲ್ಲಿ ಒಬ್ಬರ ಮಗ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ಕನ್ನಡ ರಾತ್ರಿ ಶಾಲೆಯಲ್ಲಿ ಓದಿದರು. ಈಗ ನಮ್ಮ ಮನೆಗೆ ಬಂದರೆ ಸೋಫಾದಲ್ಲಿ ಕುಳಿತು ನಮ್ಮದೇ ಲೋಟದಲ್ಲಿ ಕಾಫಿ ಕುಡಿಯುತ್ತಾರೆ. ಊರಿಗೆ ಮರಳುವ ಆಲೋಚನೆ ಇದೆಯೇ ಎಂದು ಒಮ್ಮೆ ಕೇಳಿದೆ. "ಜಾತ್ರೆಗೆ ಹೋಗ್ತೇನೆ. ಇರ್ಲಿಕ್ಕೆ ಇಲ್ಲ" ಎಂದರು.

ಹಾಗೆಂದು ನಗರವನ್ನು ಹೊಗಳಿ ಕೂರಲಾರೆ. ಅಡ್ಡಹೆಸರು ಕೇಳಿ, ಮೀನು ಬೇಯಿಸುತ್ತೀರಾ ಎಂದು ವಿಚಾರಿಸಿ ಬಾಡಿಗೆಗೆ ಮನೆ ಕೊಡುವ ಕಟ್ಟಡಗಳು ಇಲ್ಲೂ ಇವೆ. ಗೆರಟೆ ನಮ್ಮೊಂದಿಗೆ ರೈಲು ಹತ್ತಿ ಬಂದಿದೆ. ಆದರೆ ಲೋಕಲ್ ರೈಲಿನಲ್ಲಿ ಮೂವರ ಸೀಟಿನಲ್ಲಿ ನಾಲ್ಕನೆಯವನಿಗೆ ಜಾಗ ಕೊಡುವಾಗ ಯಾರೂ ಅವನ ಮನೆತನ ಕೇಳುವುದಿಲ್ಲ. ಊರಿನ ಒಳ್ಳೆಯತನ ನಮ್ಮವರಿಗೆ ಧಾರಾಳವಾಗಿತ್ತು. ಗುರುತಿಲ್ಲದವರ ಜೊತೆ ಸಮನಾಗಿ ಬದುಕುವುದನ್ನು ಮಾತ್ರ ನಾನು ಈ ನೂಕುನುಗ್ಗಲಿನಲ್ಲೇ ಕಲಿತದ್ದು.

ಮುಂದಿನ ವರ್ಷ ನನಗೆ ನಿವೃತ್ತಿ. ಊರ ಮನೆಯಲ್ಲಿ ಇರೋಣ ಎಂದಾಗ ಹೆಂಡತಿ ಒಂದೇ ಷರತ್ತು ಹಾಕಿದಳು: ತೋಟಕ್ಕೆ ಬಂದವರಿಗೆಲ್ಲ ಜಗಲಿಯಲ್ಲೇ, ಮನೆಯ ಲೋಟದಲ್ಲೇ ಚಹಾ. ಸರಿ ಎಂದಿದ್ದೇನೆ. ಆ ಮನೆಯಲ್ಲಿರುವ ದೊಡ್ಡಪ್ಪನಿಗೆ ಇನ್ನು ಹೇಳಬೇಕು.