ಉಳವಿಯ ದಾರಿಯಲ್ಲಿ ಒಂದು ಇರುಳು

12ನೆಯ ಶತಮಾನದ ಕಲ್ಯಾಣದ ವಿಪ್ಲವದ ನಂತರ ಶರಣರೊಡನೆ ನಡೆದುಬಂದ ಚನ್ನಬಸವಣ್ಣನವರು ಲಿಂಗೈಕ್ಯರಾದ ಉಳವಿಯು ಜೋಯಿಡಾ ತಾಲ್ಲೂಕಿನ ದಟ್ಟ ಅರಣ್ಯದ ನಡುವೆ ಇದೆ. ಮಾಘ ಮಾಸದ ಜಾತ್ರೆಗೆ ಧಾರವಾಡ, ಬೆಳಗಾವಿ ಸೀಮೆಯ ಭಕ್ತರು ಚಕ್ಕಡಿ ಹೂಡಿಕೊಂಡು, ದಾರಿಯುದ್ದಕ್ಕೂ ಬೀಡುಬಿಡುತ್ತ ಸಾಗುತ್ತಾರೆ. ಈಗ ಪಯಣಿಸಲಾರದೆ ಮನೆಯಲ್ಲುಳಿದ ನಮ್ಮ ಅಜ್ಜಿಯವರಿಗಾಗಿ ಅಂತಹ ಬೀಡಿನ ಇರುಳನ್ನು ಚಿತ್ರಿಸಿ ತರಬೇಕೆಂದು ನಾವು ಅಕ್ರಿಲಿಕ್ ಬಣ್ಣಗಳನ್ನು ಒಯ್ದಿದ್ದೆವು.

ನೀರಿನಲ್ಲಿ ಕಲಸಿ ಹಚ್ಚುವ ಈ ಬಣ್ಣವು ಒಣಗಿದ ಬಳಿಕ ನೀರು ಬಿದ್ದರೂ ಅಳಿಸದು. ಬೇಗನೆ ಆರುವುದರಿಂದ ಆಕಾಶವನ್ನು ತಡಮಾಡದೆ ಬಳಿಯಬೇಕು. ಕಡುನೀಲಿಗೆ ತುಸು ಕಂದು ಬೆರೆಸಿ ಬಾನನ್ನು ತುಂಬಿದೆವು. ಅದು ಆರಿದ ಮೇಲೆ ನೊಗ ಇಳಿಸಿದ ಚಕ್ಕಡಿಗಳು, ಮೆಲುಕಾಡುವ ಎತ್ತುಗಳು, ಒಲೆಯ ಕೆಂಪು ಒಂದೊಂದಾಗಿ ಮೂಡಿದವು.

ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಳುವಾದ ಬಿಳಿಯನ್ನು ಸಿಡಿಸಿದರೆ ಕ್ಷಣದಲ್ಲಿ ನೂರಾರು ನಕ್ಷತ್ರಗಳಾಗುತ್ತವೆ. ಮಕ್ಕಳ ಆಸೆಯೂ ಅದೇ ಆಗಿತ್ತು. ಆದರೆ ಬೆಳದಿಂಗಳಿಗೆ ಸಣ್ಣ ಚುಕ್ಕಿಗಳೆಲ್ಲ ಮರೆಯಾಗಿದ್ದವು. ಬೆಳ್ಳಗೆ ಹೊಳೆಯುವ ಲುಬ್ಧಕ, ಕೆಂಪಡರಿದ ಆರಿದ್ರಾ, ರೋಹಿಣಿ ಮುಂತಾದ ಕೆಲವೇ ತಾರೆಗಳು ಕಾಣುತ್ತಿದ್ದವು. ಹಲವು ಸಲ ಆ ದಾರಿಯಲ್ಲಿ ತಂಗಿದ ಹಿರಿಯರಿಗೆ ಇಲ್ಲದ ಆಕಾಶವನ್ನು ತೋರಿಸುವುದು ಹೇಗೆ? ಸಣ್ಣ ಕುಂಚದ ತುದಿಯಿಂದ, ಕಂಡಷ್ಟೇ ಚುಕ್ಕಿಗಳನ್ನಿಟ್ಟೆವು. ಬೆನ್ನ ಹಿಂದಿದ್ದ ಚಂದ್ರನು ಚಿತ್ರದೊಳಗೆ ಬರಲಿಲ್ಲ.

ಊರಿಗೆ ಮರಳಿ ಚಿತ್ರವನ್ನು ಕೈಗಿತ್ತಾಗ ಅಜ್ಜಿಯವರು ಬಹಳ ಹೊತ್ತು ನೋಡಿ, “ಹುಣ್ಣಿವಿ ಸಮೀಪ ಬಂದಿತ್ತಲ್ಲಾ?” ಎಂದರು. ಜಾತ್ರೆಗೆ ಹೊರಡುವ ಬಂಧುಗಳು ಬುತ್ತಿಯೊಂದಿಗೆ ಪುಟ್ಟದೊಂದು ಬಣ್ಣದ ಪೆಟ್ಟಿಗೆಯನ್ನೂ ಕಟ್ಟಿಕೊಳ್ಳಲಿ. ಬರಲಾಗದವರಿಗೆ ಒಯ್ಯಲು ಪ್ರಸಾದದ ಜೊತೆಗೆ ದಾರಿಯೂ ದೊರೆತೀತು.