ಬೀಗರ ಮನೆಯ ಗೆಲುವು

1995ರ ಮೇ 13, ಶನಿವಾರ. ಆಗ ನಾನು ಡಬ್ಲಿನ್ನಿನಲ್ಲಿ ಒಂದು ಬಾಡಿಗೆ ಕೋಣೆಯಲ್ಲಿದ್ದೆ. ಮನೆಯ ಯಜಮಾನ ಬಂದರಿನಲ್ಲಿ ಹಮಾಲಿ ಮಾಡಿ ವಯಸ್ಸಾದ ಅಜ್ಜ. ಮೇ ತಿಂಗಳಾದರೂ ಅಲ್ಲಿ ಸಂಜೆ ಚಳಿ ಬಿಡುವುದಿಲ್ಲ. ಜೌಗು ನೆಲದಿಂದ ಕೊಯ್ದು ಒಣಗಿಸಿದ ಟರ್ಫ್ ಹೆಂಟೆಗಳನ್ನು ಅಗ್ಗಿಷ್ಟಿಕೆಗೆ ಹಾಕಿ, ಟೀವಿ ಹಚ್ಚಿ, ನನ್ನನ್ನೂ ಕೂಗಿ ಕರೆದ. ಆ ರಾತ್ರಿ ಯುರೋವಿಷನ್ ಹಾಡಿನ ಸ್ಪರ್ಧೆ. ಅದೂ ಅದೇ ಊರಿನಲ್ಲಿ, ಲಿಫಿ ನದಿ ಕಡಲಿಗೆ ಸೇರುವ ಕಡೆ ಇದ್ದ ಪಾಯಿಂಟ್ ಥಿಯೇಟರಿನಲ್ಲಿ.

ಐರ್ಲೆಂಡಿನವರಿಗೆ ಆಗ ಗೆದ್ದು ಗೆದ್ದು ಸುಸ್ತಾಗಿತ್ತು. 1992, 93, 94, ಮೂರು ವರ್ಷವೂ ಅವರದೇ ಹಾಡು. ಗೆದ್ದವರೇ ಮರುವರ್ಷ ಸ್ಪರ್ಧೆ ನಡೆಸುವುದು ರೂಢಿ. 1993ರಲ್ಲಂತೂ ಕಾರ್ಕ್ ಕೌಂಟಿಯ ಮಿಲ್‌ಸ್ಟ್ರೀಟ್ ಎಂಬ ಪುಟ್ಟ ಊರಿನ ಕುದುರೆ ಸವಾರಿಯ ಅಖಾಡದಲ್ಲಿ ಇಡೀ ಯುರೋಪನ್ನು ಕರೆಸಿ ಹಾಡಿಸಿದ್ದರು. ಇನ್ನೊಂದು ಸಲ ಗೆದ್ದರೆ ಆರ್‌ಟಿಇ ವಾಹಿನಿ ದಿವಾಳಿಯೇ ಸೈ ಎಂದು ಜನ ನಗುತ್ತಿದ್ದರು. ನಾರ್ವೆಯದು ಉಲ್ಟಾ ಕಥೆ. 1985ರಲ್ಲಿ ಒಮ್ಮೆ ಗೆದ್ದದ್ದು ಬಿಟ್ಟರೆ, ಸೊನ್ನೆ ಅಂಕದವರೆಂದೇ ಅವರ ಹೆಸರು.

ಆ ನಾರ್ವೆಯ ಸರದಿ ಬಂತು. ನೋಡಿದರೆ ಹಾಡುವವರಿಗಿಂತ ಪಿಟೀಲಿನ ಹೆಂಗಸಿಗೇ ಹೆಚ್ಚು ಜಾಗ. ಅಜ್ಜ ಕುರ್ಚಿಯಿಂದ ಮುಂದಕ್ಕೆ ಬಾಗಿ, “ಮಗಾ, ಇವಳು ನಮ್ಮವಳು ಕಣೋ!” ಅಂದ.

ನಿಜವೇ. ಫಿನೂಲಾ ಶೆರಿ ಕಿಲ್ಡೇರ್ ಕೌಂಟಿಯ ನೇಸ್ ಊರಿನವರು, ಆರ್‌ಟಿಇ ಕನ್ಸರ್ಟ್ ಆರ್ಕೆಸ್ಟ್ರಾದ ಪಿಟೀಲುಗಾರ್ತಿಯಾಗಿದ್ದವರು. ಹಿಂದಿನ ವರ್ಷ ಇದೇ ಥಿಯೇಟರಿನಲ್ಲಿ ವಾದ್ಯವೃಂದದ ನಡುವೆ ಕೂತು ನುಡಿಸಿದ್ದರು. ಅದೇ ಸ್ಪರ್ಧೆಗೆ ನಾರ್ವೆಯ ಹಾಡಿಗೆ ರಾಗ ಹಾಕಿದ್ದವರು ಕ್ರಿಸ್ಟಿಯಾನ್‌ಸಾಂಡ್ ಊರಿನ ರಾಲ್ಫ್ ಲೋವ್‌ಲಾಂಡ್. ಇಬ್ಬರ ಪರಿಚಯವಾದದ್ದು ಅಲ್ಲೇ. 1994ರ ಸ್ಪರ್ಧೆಯೆಂದರೆ ಜನಕ್ಕೆ ನೆನಪಿರುವುದು ಮಧ್ಯಂತರದಲ್ಲಿ ನೆಲ ನಡುಗಿಸಿದ ರಿವರ್‌ಡಾನ್ಸ್ ಕುಣಿತ. ಈ ಭೇಟಿ ಯಾರ ಕಣ್ಣಿಗೆ ಬಿದ್ದೀತು? ವರ್ಷ ಕಳೆಯುವಷ್ಟರಲ್ಲಿ ಇಬ್ಬರೂ ‘ಸೀಕ್ರೆಟ್ ಗಾರ್ಡನ್’ ಎಂದು ಹೆಸರಿಟ್ಟುಕೊಂಡು ನಾರ್ವೆಯ ಪರವಾಗಿ ಬಂದು ನಿಂತಿದ್ದರು.

ಹಾಡು ‘ನಾಕ್ಟರ್ನ್’. ಸಾಹಿತ್ಯ 24 ಪದ, ಅಷ್ಟೇ. ಮೊದಲು ಒಂದಿಷ್ಟು, ಕೊನೆಗೆ ಒಂದಿಷ್ಟು. ನಡುವೆಲ್ಲ ಪಿಟೀಲು, ಕೊಳಲು, ಜೊತೆಗೆ ನಿಕೆಲ್‌ಹಾರ್ಪಾ ಎಂಬ ಸ್ವೀಡನ್ನಿನ ತಂತಿವಾದ್ಯ. ಹಾಡಿನ ಸ್ಪರ್ಧೆಗೆ ಹಾಡೇ ಇಲ್ಲದ್ದನ್ನು ತಂದಿದ್ದಾರೆಂದು ಕೆಲವರು ಗೊಣಗಿದರು. ಆಲಾಪನೆ ಕೇಳಿ ಬೆಳೆದ ನನಗೆ ಆ ಗೊಣಗಾಟ ತಲೆಗೇ ಹೋಗಲಿಲ್ಲ. 148 ಅಂಕ ಬಂದು ನಾರ್ವೆ ಗೆದ್ದಿತು. ಆತಿಥೇಯರಿಗೆ 14ನೆಯ ಸ್ಥಾನ. ಅಜ್ಜನಿಗೆ ಅದರ ಚಿಂತೆಯೇ ಇಲ್ಲ, ಚಪ್ಪಾಳೆ ತಟ್ಟುತ್ತಿದ್ದ.

“ಹಿಂದೆ ಇದೇ ನದಿಗೆ ಹಡಗು ನುಗ್ಗಿಸಿ ದೋಚಿದರು. ಈಗ ನೋಡು, ನಮ್ಮ ಹುಡುಗಿಯನ್ನೇ ಎತ್ತಿಕೊಂಡು ಹೋಗಿ, ನಮ್ಮೂರಿಗೇ ಕರೆತಂದು ಗೆದ್ದರು!”

ಆಮೇಲೆ ಶುರುವಾಯಿತು ಅವನ ಪುರಾಣ. 841ರಲ್ಲಿ ನಾರ್ವೆ ಕಡೆಯ ವೈಕಿಂಗರು ಲಿಫಿಯ ದಡದಲ್ಲಿ ಹಡಗುಬಿಡಾರ ಹೂಡಿದ್ದು; ಸೆರೆಹಿಡಿದವರನ್ನು ಗುಲಾಮರಾಗಿ ಮಾರಿದ್ದು; ಬಿಡಾರವೇ ಬೆಳೆದು ಡಬ್ಲಿನ್ ಆದದ್ದು. 1014ರಲ್ಲಿ ರಾಜ ಬ್ರಿಯಾನ್ ಬೊರು ಕ್ಲಾಂಟಾರ್ಫಿನಲ್ಲಿ ಅವರ ಸೊಕ್ಕು ಮುರಿದು, ತಾನೂ ಸತ್ತದ್ದು. ಶಾಲೆಯ ಪುಸ್ತಕದಲ್ಲಿ ಇದು ಐರಿಶರಿಗೂ ವೈಕಿಂಗರಿಗೂ ನಡೆದ ಯುದ್ಧ. ನನ್ನನ್ನು ಕೇಳಿದರೆ ಅದು ಬೀಗರ ಜಗಳ. ಡಬ್ಲಿನ್ನಿನ ವೈಕಿಂಗ್ ದೊರೆ ಸಿಟ್ರಿಕ್‌ನ ಹೆಂಡತಿ ಬ್ರಿಯಾನನ ಮಗಳು. ಸಿಟ್ರಿಕ್‌ನ ತಾಯಿ, ಐರಿಶ್ ರಾಜಮನೆತನದ ಗೋರ್ಮ್‌ಲಾ, ಒಂದು ಕಾಲಕ್ಕೆ ಬ್ರಿಯಾನನ ಹೆಂಡತಿ. ವೈಕಿಂಗರ ಜೊತೆ ನಿಂತು ಕಾದಿದವರಲ್ಲಿ ಲೆನ್‌ಸ್ಟರ್ ಪ್ರಾಂತ್ಯದ ಐರಿಶರೂ ಇದ್ದರು. ಸಿಟ್ರಿಕ್ ಮಾತ್ರ ಆಮೇಲೂ ಇಪ್ಪತ್ತು ವರ್ಷ ಆಳಿದ, ಕ್ರೈಸ್ಟ್ ಚರ್ಚ್ ಕತೀಡ್ರಲ್ಲಿಗೆ ಅಡಿಪಾಯ ಹಾಕಿಸಿದ.

ಆ ಕತೀಡ್ರಲ್ಲಿನ ಕೆಳಗೇ, ನದಿಯ ಪಕ್ಕ, ವುಡ್ ಕೀ. ಅಲ್ಲಿ ಅಗೆದಾಗ ಹೆಣೆದ ತಟ್ಟಿಗೋಡೆಗಳ ವೈಕಿಂಗ್ ಮನೆಗಳು ಸಾಲುಸಾಲಾಗಿ ಸಿಕ್ಕವು. ಅದರ ಮೇಲೆ ನಗರಪಾಲಿಕೆಯ ಕಚೇರಿ ಕಟ್ಟಹೊರಟಾಗ, 1978ರ ಸೆಪ್ಟೆಂಬರಿನಲ್ಲಿ ಸುಮಾರು 20,000 ಜನ ಮೆರವಣಿಗೆ ಹೊರಟರು. ಇತಿಹಾಸದ ಪ್ರಾಧ್ಯಾಪಕರೂ ಆಗಿದ್ದ ಪಾದ್ರಿ ಎಫ್. ಎಕ್ಸ್. ಮಾರ್ಟಿನ್ ಆ ಜನರ ಮುಂದಾಳು. ಅಜ್ಜನೂ ಹೋಗಿದ್ದನಂತೆ. ದೋಚಿದವರ ಗುಡಿಸಲು ಉಳಿಸಲು ದೋಚಿಸಿಕೊಂಡವರ ಮಕ್ಕಳು! ಕಚೇರಿ ಎದ್ದೇ ಎದ್ದಿತು, ಅದು ಬೇರೆ ಮಾತು.

ಮರುವರ್ಷ ಸ್ಪರ್ಧೆ ಓಸ್ಲೋದಲ್ಲಿ. ಅಲ್ಲಿ ಗೆದ್ದವರು ಯಾರು ಹೇಳಿ? ಐರ್ಲೆಂಡಿನ ಈಮರ್ ಕ್ವಿನ್; ನಾರ್ವೆಗೆ ಎರಡನೆಯ ಸ್ಥಾನ. ಮುಯ್ಯಿಗೆ ಮುಯ್ಯಿ. ಕ್ವಿನ್ ಹಾಡಿದ್ದನ್ನು ಬರೆದವರು ಬ್ರೆಂಡನ್ ಗ್ರಹಾಂ. ಮುಂದೆ ಇದೇ ಗ್ರಹಾಂ, ಲೋವ್‌ಲಾಂಡ್ ಹಾಕಿದ ಒಂದು ರಾಗಕ್ಕೆ ಮಾತು ಕೂಡಿಸಿದರು. ಅದೇ ‘ಯೂ ರೇಸ್ ಮಿ ಅಪ್’. 2005ರಲ್ಲಿ ಐರ್ಲೆಂಡಿನ ಹುಡುಗರ ತಂಡ ವೆಸ್ಟ್‌ಲೈಫ್ ಹಾಡಿದ ಮೇಲೆ ಅದನ್ನು ಕೇಳದವರೇ ಇಲ್ಲ.

ಹೀಗೆ ರಾಗ ನಾರ್ವೆಯದು, ಮಾತು ಐರ್ಲೆಂಡಿನದು ಅಂದುಕೊಂಡಿದ್ದರೆ, 2018ರಲ್ಲಿ ಐಸ್‌ಲೆಂಡಿನಿಂದ ಒಂದು ದಾವೆ ಬಂತು: ಈ ರಾಗ 1977ರ ನಮ್ಮ ಹಾಡಿನದು ಎಂದು. ಐಸ್‌ಲೆಂಡ್ ಅಂದರೆ ಹೊರಗಿನವರೇನಲ್ಲ. ಅಲ್ಲಿ ಮೊದಲು ನೆಲೆಸಿದ ಗಂಡಸರು ಬಹುಪಾಲು ನಾರ್ವೆ ಕಡೆಯವರು, ಹೆಂಗಸರಲ್ಲಿ ಹೆಚ್ಚಿನವರು ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯವರು ಎಂದು ವಂಶವಾಹಿ ಪರೀಕ್ಷೆಗಳೇ ಹೇಳುತ್ತವೆ. ಅದೇ ಸಂಬಂಧದ ಮೂರನೆಯ ಕವಲು ಪಾಲು ಕೇಳಲು ಬಂದಂತಾಯಿತು. ಕೋರ್ಟು ಅಮೆರಿಕದ್ದು. ಎರಡೂ ಹಾಡುಗಳಲ್ಲಿ ಹೋಲುವ ಭಾಗ ಅವೆರಡಕ್ಕಿಂತ ಹಳೆಯ ‘ಲಂಡನ್‌ಡೆರಿ ಏರ್’ ಎಂಬ ಐರಿಶ್ ಧಾಟಿಯಲ್ಲೇ ಇದೆ ಎಂದು ಪ್ರತಿವಾದಿಗಳು ತೋರಿಸಿದರು. 2020ರಲ್ಲಿ ದಾವೆ ಬಿದ್ದುಹೋಯಿತು.